ತಪ್ಪು ಉತ್ತರಗಳ ವಹಿ: ಒಂದು ಆಪ್ತಸಲಹೆ ಪ್ರಕರಣ

ಧಾರವಾಡದ ಸಪ್ತಾಪುರದಲ್ಲಿ ಕಾಟ್ ಬೇಸಿಸ್ (ಒಂದೊಂದು ಮಂಚಕ್ಕೆ ಬಾಡಿಗೆ) ಕೋಣೆಯೊಂದರಲ್ಲಿದ್ದು, ಎಂಟು ವರ್ಷಗಳಿಂದ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದ 31 ವರ್ಷದ ಯುವಕರೊಬ್ಬರು ನಿದ್ದೆ ಬರುವುದಿಲ್ಲವೆಂದು ಹೇಳಿಕೊಂಡು ನನ್ನ ಬಳಿ ಬಂದರು. ಹಾವೇರಿ ಜಿಲ್ಲೆಯ ರೈತ ಕುಟುಂಬದವರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ರಾತ್ರಿ ಮೂರರವರೆಗೂ ಎಚ್ಚರ, ಬೆಳಿಗ್ಗೆ ರೀಡಿಂಗ್ ರೂಮಿನಲ್ಲಿ ತೂಕಡಿಕೆ, ಮನೆಯಿಂದ ಫೋನ್ ಬಂದರೆ ಎದೆ ಡವಡವ. ಎರಡು ದೀಪಾವಳಿಗಳಿಗೆ ಅವರು ಊರಿಗೆ ಹೋಗಿರಲಿಲ್ಲ. “ಈ ಸಲರ ಆಕ್ಕೈತೇನ ತಮ್ಮಾ?” ಎಂದು ತಂದೆ ಕೇಳುವ ಪ್ರಶ್ನೆಗೆ ಹೆದರಿಯೇ ಹೋಗಲಿಲ್ಲವೆಂದು ಹೇಳುವಾಗ ಅವರ ಕಣ್ಣು ತುಂಬಿತ್ತು. ಬದುಕು ಬೇಡವೆನ್ನಿಸುತ್ತದೆಯೇ ಎಂದು ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿದೆ. ಅಂಥ ಯೋಚನೆ ಇಲ್ಲವೆಂದರು. ಆದರೂ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಟ್ಟೆ.

ಅವರ ಸೋಲಿನಲ್ಲಿ ಅವರದಲ್ಲದ ಪಾಲು ದೊಡ್ಡದಿತ್ತು. 545 ಹುದ್ದೆಗಳ ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ನೇಮಕಾತಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಆ ಕಾಯುವಿಕೆಯಲ್ಲಿ ಕರಗಿದ ವರ್ಷಗಳಿಗೂ ಅವರು ತಮ್ಮನ್ನೇ ದೂಷಿಸಿಕೊಳ್ಳುತ್ತಿದ್ದರು. ಅದು ನಿಮ್ಮ ಲೆಕ್ಕಕ್ಕೆ ಸೇರಿದ್ದಲ್ಲ, ಉಳಿದದ್ದನ್ನು ಮಾತ್ರ ನೋಡೋಣ ಎಂದೆ.

ಎರಡನೆಯ ಭೇಟಿಗೆ ಅವರು ತಮ್ಮ ವಹಿಗಳನ್ನು ತಂದಿದ್ದರು. ಮುತ್ತು ಪೋಣಿಸಿದಂಥ ಅಕ್ಷರ, ಕೆಂಪು ಶಾಯಿಯ ಅಡಿಗೆರೆ, ಇತಿಹಾಸದ ಒಂದೇ ಅಧ್ಯಾಯವನ್ನು ಮೂರು ಸಲ ಬರೆದದ್ದು. ಆದರೆ ಹಿಂದಿನ ಪರೀಕ್ಷೆಗಳಲ್ಲಿ ತಾವು ಯಾವ ಪ್ರಶ್ನೆಗಳಿಗೆ ತಪ್ಪು ಉತ್ತರ ಬರೆದೆವೆಂಬುದು ಯಾವ ಪುಟದಲ್ಲೂ ಇರಲಿಲ್ಲ. ಕೀ ಉತ್ತರ ಬಂದ ದಿನ ಒಟ್ಟು ಅಂಕ ಎಣಿಸಿ, ಸಂಕಟಪಟ್ಟು, ಪ್ರಶ್ನೆಪತ್ರಿಕೆಯನ್ನು ಮಡಚಿ ಟ್ರಂಕಿನೊಳಗೆ ಹಾಕಿಬಿಡುತ್ತಿದ್ದರು. ಅಂಥ ಒಂದು ಪತ್ರಿಕೆಯನ್ನು ತರಿಸಿ ಇಬ್ಬರೂ ಕುಳಿತು ನೋಡಿದೆವು. ತಪ್ಪಾಗಿದ್ದ 34 ಪ್ರಶ್ನೆಗಳಲ್ಲಿ 17 ಮಾನಸಿಕ ಸಾಮರ್ಥ್ಯದವು, ಅಂದರೆ ಲೆಕ್ಕ ಮತ್ತು ತರ್ಕದವು. 11 ಎರಡು ಆಯ್ಕೆಗಳ ನಡುವೆ ಗೊಂದಲವಾಗಿ, ಋಣಾತ್ಮಕ ಅಂಕವಿದ್ದರೂ ಊಹೆಯ ಮೇಲೆ ತುಂಬಿದವು. ನಿಜವಾಗಿಯೂ ಓದದೇ ಬಿಟ್ಟವು ಆರೇ ಆರು. ಒಂಬತ್ತನೆಯ ತರಗತಿಯಲ್ಲಿ “ನಿನಗೆ ಗಣಿತ ಹತ್ತೂದಿಲ್ಲ” ಎಂದು ಶಿಕ್ಷಕರೊಬ್ಬರು ಹೇಳಿದ ಮಾತನ್ನು ನಂಬಿ, ಎಂಟು ವರ್ಷವೂ ಆ ಭಾಗವನ್ನು ಮುಟ್ಟದೆ, ಗೊತ್ತಿರುವ ಇತಿಹಾಸವನ್ನೇ ಮತ್ತೆ ಮತ್ತೆ ಓದಿದ್ದರು. ಅದೇ ಕೋಣೆಯಲ್ಲಿದ್ದ ಹುಡುಗನೊಬ್ಬ ಮಾನಸಿಕ ಸಾಮರ್ಥ್ಯದ ಲೆಕ್ಕಗಳಲ್ಲಿ ಚುರುಕಾಗಿದ್ದ. ತಮಗಿಂತ ಆರು ವರ್ಷ ಚಿಕ್ಕವನನ್ನು ಕೇಳುವುದು ಹೇಗೆಂದು ಇವರು ಸುಮ್ಮನಿದ್ದರು.

ನಮ್ಮಲ್ಲಿ ಛಲವನ್ನು ಹೊಗಳುವಷ್ಟು ಬೇರೆ ಗುಣಗಳನ್ನು ಹೊಗಳುವುದಿಲ್ಲ. ಈ ಯುವಕರಲ್ಲಿ ಛಲಕ್ಕೆ ಕೊರತೆಯಿರಲಿಲ್ಲ. ತಮ್ಮ ತಪ್ಪನ್ನು ಬಿಡಿಸಿ ನೋಡುವ ಧೈರ್ಯ, ಗೊತ್ತಿಲ್ಲವೆಂದು ಕೇಳುವ ರೂಢಿ ಮತ್ತು ಎಲ್ಲಿಯವರೆಗೆ ಎಂದು ನಿರ್ಧರಿಸುವ ಶಕ್ತಿ ಬೆಳೆದಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಪಟ್ಟಿಮಾಡಿದ ಹತ್ತು ಜೀವನ ಕೌಶಲಗಳಲ್ಲಿ ತನ್ನನ್ನು ತಾನು ಅರಿಯುವುದು, ನಿರ್ಧಾರ ಕೈಗೊಳ್ಳುವುದು, ಸಮಸ್ಯೆ ಬಿಡಿಸುವುದು, ಸಂವಹನ, ಒತ್ತಡದ ನಿಭಾವಣೆ ಎಲ್ಲವೂ ಇವೆ. ಪಟ್ಟು ಹಿಡಿಯುವುದು ಪ್ರತ್ಯೇಕ ಕೌಶಲವಾಗಿ ಅದರಲ್ಲಿಲ್ಲ. ಇದನ್ನು ಅವರಿಗೆ ಹೇಳಿದಾಗ ಬಹಳ ಹೊತ್ತು ಮಾತಾಡಲಿಲ್ಲ.

ಮೊದಲು ನಿದ್ದೆಯ ವಿಷಯ. ಓದು, ಊಟ, ಮಲಗುವುದು ಎಲ್ಲವೂ ಒಂದೇ ಮಂಚದ ಮೇಲೆ ನಡೆಯುತ್ತಿದ್ದುದರಿಂದ, ಮಂಚವನ್ನು ನಿದ್ದೆಗಷ್ಟೇ ಮೀಸಲಿಡಬೇಕೆಂದೂ, ಇಪ್ಪತ್ತು ನಿಮಿಷ ಕಳೆದರೂ ನಿದ್ದೆ ಬಾರದಿದ್ದರೆ ಎದ್ದು ಹೊರಗೆ ಕುಳಿತು, ತೂಕಡಿಕೆ ಬಂದಾಗಲೇ ಮರಳಬೇಕೆಂದೂ, ಎಷ್ಟೇ ತಡವಾಗಿ ಮಲಗಿದರೂ ಬೆಳಿಗ್ಗೆ ಆರಕ್ಕೆ ಏಳಬೇಕೆಂದೂ ಸೂಚಿಸಿದೆ. ಬಳಿಕ ಒಂದು ಹೊಸ ವಹಿ ಮಾಡಿಸಿದೆ: ತಪ್ಪಾದ ಪ್ರಶ್ನೆ, ತಪ್ಪಿದ ಕಾರಣ, ಯಾರನ್ನು ಕೇಳಿ ತಿಳಿದುಕೊಂಡೆ ಎಂಬ ಮೂರು ಕಾಲಂ. ಖಾನಾವಳಿಯಲ್ಲಿ ರಾತ್ರಿ ಊಟ ಮುಗಿಸಿ ಬಂದ ಕೂಡಲೇ ವಹಿ ಹಿಡಿದು ಆ ಹುಡುಗನ ಪಕ್ಕ ಅರ್ಧ ಗಂಟೆ ಕೂರಬೇಕೆಂದು ಗೊತ್ತುಮಾಡಿದೆವು. ಹೊತ್ತು ಮತ್ತು ಜಾಗ ನಿಗದಿಯಾದರೆ ಸಂಕೋಚಕ್ಕೆ ನೆಪ ಸಿಗುವುದಿಲ್ಲವೆಂಬುದು ನನ್ನ ಅನುಭವ.

ಕಷ್ಟವಾದದ್ದು ಗಡುವು ಹಾಕಿಕೊಳ್ಳುವುದು. ಇನ್ನು ಎರಡೇ ಪರೀಕ್ಷೆ, ಅಷ್ಟರೊಳಗೆ ಗಳಿಕೆಯ ದಾರಿಯೊಂದನ್ನೂ ಹಿಡಿಯುವುದು ಎಂದು ಅವರೇ ಬರೆದು ಸಹಿ ಮಾಡಲು ನಾಲ್ಕು ಭೇಟಿಗಳು ಬೇಕಾದವು. ಇದನ್ನು ತಂದೆಗೆ ಫೋನಿನಲ್ಲಿ ಹೇಳದೆ, ಊರಿಗೇ ಹೋಗಿ ಹೇಳಬೇಕೆಂದು ಒತ್ತಾಯಿಸಿದೆ. ನಾನು ತಂದೆಯಾಗಿ ಕುಳಿತು ಆ ಮಾತನ್ನು ಮೂರು ಸಲ ಅವರಿಂದ ಆಡಿಸಿದೆ. ಮೊದಲೆರಡು ಸಲ ಅರ್ಧಕ್ಕೇ ಗಂಟಲು ಕಟ್ಟಿತು.

ಯುಗಾದಿಗೆ ಊರಿಗೆ ಹೋದರು. ಟ್ಯೂಷನ್ ತರಗತಿಯೊಂದರಲ್ಲಿ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುವ ಕೆಲಸ ಹಿಡಿದಿರುವುದನ್ನೂ ಎರಡೇ ಪರೀಕ್ಷೆಗಳ ಮಾತನ್ನೂ ಹಿತ್ತಲಲ್ಲಿ ದನಕ್ಕೆ ಮೇವು ಹಾಕುತ್ತಿದ್ದ ತಂದೆಗೆ ಹೇಳಿದರಂತೆ. ತಂದೆ ಮೇವು ಹಾಕಿ ಮುಗಿಸಿ, ಕೈ ತೊಳೆದುಕೊಂಡು, “ಪಗಾರ ಎಷ್ಟ ಕೊಡ್ತಾರ?” ಎಂದಷ್ಟೇ ಕೇಳಿದರಂತೆ.

ಕಳೆದ ಭೇಟಿಯ ಹೊತ್ತಿಗೆ ರಾತ್ರಿಯ ನಿದ್ದೆ ಆರು ಗಂಟೆಗಳಷ್ಟಾಗಿತ್ತು. ಎರಡರಲ್ಲಿ ಒಂದು ಪರೀಕ್ಷೆ ಮುಗಿದಿದೆ, ಫಲಿತಾಂಶ ಬಂದಿಲ್ಲ. ವಹಿಯ ಮೂರನೆಯ ಕಾಲಂನಲ್ಲಿ ಆ ಹುಡುಗನ ಹೆಸರು ಪುಟಗಟ್ಟಲೆ ಇತ್ತು. ಈಚಿನ ಪುಟವೊಂದರಲ್ಲಿ, ಇತಿಹಾಸದ ಪ್ರಶ್ನೆಯೊಂದರ ಎದುರು, ಅದೇ ಹುಡುಗನ ಕೈಬರಹದಲ್ಲಿ ಇವರ ಹೆಸರಿತ್ತು.