ನಮ್ಮ ಟ್ರಾಫಿಕ್ ವಿಭಾಗದ ಸಾಮರ್ಥ್ಯ ಅಳೆಯೋಕೆ ಕನ್ಸಲ್ಟೆಂಟ್ ಬೇಕಾ, ನಾವೇ ಅಂಕ ಹಾಕಿಕೊಳ್ಳಬಹುದಾ?

ಅಮೆರಿಕದ ಕೌಂಟಿ ಕಚೇರಿಯಲ್ಲಿದ್ದೀರಿ, ಮೇಲಿನವರು ‘ಕೇಪಬಿಲಿಟಿ ಮೆಚ್ಯೂರಿಟಿ’ ಮೌಲ್ಯಮಾಪನ, ಅಂದರೆ ಟ್ರಾಫಿಕ್ ನಿಭಾಯಿಸುವ ಸಾಮರ್ಥ್ಯ ಎಷ್ಟು ಪಕ್ವವಾಗಿದೆ ಅನ್ನುವ ಅಳತೆ, ಮಾಡಿ ಅಂದಿದ್ದಾರೆ, ಅಲ್ವಾ? ನಾನು ಅಲ್ಲಿನ ಒಂದು ರಾಜ್ಯದ ಸಾರಿಗೆ ಇಲಾಖೆಯಲ್ಲಿ ಇದನ್ನೇ ಮಾಡಿ ಕೈ ಸುಟ್ಟುಕೊಂಡವನು.

ಆರು ವಿಷಯಗಳಿರುತ್ತವೆ: ಕೆಲಸದ ಕ್ರಮ, ತಂತ್ರಜ್ಞಾನ, ಫಲಿತಾಂಶದ ಅಳತೆ, ಇಲಾಖೆಯ ಮನೋಭಾವ, ಸಿಬ್ಬಂದಿ, ಬೇರೆಯವರ ಜೊತೆ ಸಹಕಾರ. ಒಂದೊಂದಕ್ಕೂ 1ರಿಂದ 4ರವರೆಗೆ ಮಟ್ಟ. ನಾನು ಅಂಕದ ಹಾಳೆಯನ್ನು ನಮ್ಮ ವಿಭಾಗದ ಮುಖ್ಯಸ್ಥರಿಗೆಲ್ಲ ಇಮೇಲ್ ಮಾಡಿದೆ. ತಂತ್ರಜ್ಞಾನಕ್ಕೆ 3 ಬಂತು. ಸಹಕಾರಕ್ಕೆ 2. ಎಲ್ಲ ಕೂಡಿಸಿ ಸರಾಸರಿ ತೆಗೆದು, ಅದೊಂದೇ ಅಂಕಿಯನ್ನು ಸ್ಲೈಡಿನಲ್ಲಿ ದಪ್ಪಕ್ಷರದಲ್ಲಿ ಹಾಕಿದೆ.

ತಪ್ಪಾಗಿದ್ದು ಇಲ್ಲೇ. ಸಹಕಾರಕ್ಕೆ ಅಂಕ ಕೊಟ್ಟವರು ಯಾರು? ನಾವೇ. ಪೊಲೀಸರನ್ನು ಕೇಳಲೇ ಇಲ್ಲ. 2 ಅಂದರೆ ಕ್ರಮ ಒಂದಿಷ್ಟು ರೂಪಕ್ಕೆ ಬಂದಿದೆ ಅಂತ. 1 ಅಂದರೆ ಯಾರೋ ಒಬ್ಬರ ಉತ್ಸಾಹದಿಂದ ನಡೆಯುತ್ತಿದೆ ಅಂತ. ನಮ್ಮದು ಅಪ್ಪಟ 1. ಕಂಟ್ರೋಲ್ ರೂಮಿನ ಹಿರಿಯರೊಬ್ಬರಿಗೂ ಒಬ್ಬ ಪೊಲೀಸ್ ಸಾರ್ಜೆಂಟ್‌ಗೂ ಸ್ನೇಹ, ಫೋನ್ ಮಾಡಿದರೆ ಕೆಲಸ ಆಗುತ್ತಿತ್ತು. ಹಿರಿಯರು ನಿವೃತ್ತರಾದರು, ಕಥೆ ಮುಗಿಯಿತು. ಅತಿ ಕಡಿಮೆ ಅಂಕದ ವಿಷಯವೇ ಉಳಿದವನ್ನೂ ಹಿಡಿದು ನಿಲ್ಲಿಸುತ್ತದೆ, ಮಟ್ಟ ಹಾರಿ ಮುಂದೆ ಹೋಗೋಕಾಗಲ್ಲ ಅಂತ ಮಾರ್ಗಸೂಚಿಯಲ್ಲೇ ಇದೆ. ಓದಿದ್ದೆ. ಆದರೂ ಸರಾಸರಿ ತೆಗೆದೆ, ಮೇಲಿನವರಿಗೆ ಒಂದೇ ಅಂಕಿ ಬೇಕಿತ್ತು.

ಅಂಕಿ ನೋಡಿ ದುಡ್ಡು ಬಂತು. ಕ್ಯಾಮೆರಾ, ಎಲೆಕ್ಟ್ರಾನಿಕ್ ಬೋರ್ಡು ಎಲ್ಲ ಬಂದವು. ಆಮೇಲೊಂದು ಸಂಜೆ ಹೆದ್ದಾರಿಯಲ್ಲಿ ಲಾರಿ ಮಗುಚಿತು. ಕ್ಯಾಮೆರಾದಲ್ಲಿ ತಕ್ಷಣ ಕಂಡಿತು. ಲಾರಿ ಎತ್ತುವ ದೊಡ್ಡ ಟೋ ಗಾಡಿಯನ್ನು ಪೊಲೀಸರು ಕರೆದಿರುತ್ತಾರೆ ಅಂತ ನಾವು, ನಾವು ಕರೆದಿರುತ್ತೇವೆ ಅಂತ ಅವರು. ಕತ್ತಲಾಯಿತು. ಸಾಲಿನ ಕೊನೆಯಲ್ಲಿ ನಿಂತಿದ್ದ ಕಾರುಗಳಿಗೆ ಇನ್ನೊಂದು ಗಾಡಿ ಬಂದು ಗುದ್ದಿತು. ಮುಂದಿನ ವರ್ಷ ದುಡ್ಡೂ ನಿಂತಿತು, ಆ ಕೆಲಸದಿಂದ ನನ್ನನ್ನೂ ತೆಗೆದರು.

ಹಾಗಾಗಿ ಕನ್ಸಲ್ಟೆಂಟಾ ನಾವೇನಾ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಯಾರು ಬರೆದುಕೊಂಡರೂ ಪರವಾಗಿಲ್ಲ. ಕೋಣೆಯಲ್ಲಿ ಯಾರು ಕೂತಿದ್ದಾರೆ ನೋಡಿ. ಪೊಲೀಸ್, ಅಗ್ನಿಶಾಮಕ, 911 ತುರ್ತು ಕರೆ ತೆಗೆದುಕೊಳ್ಳುವವರು, ಟೋ ಕಂಪನಿ, ಎಲ್ಲರೂ ಬೇಕು. ಬೆಂಗಳೂರಿನಲ್ಲೂ ಸಿಗ್ನಲ್ ಪೊಲೀಸರದು, ಬಸ್ ಬಿಎಂಟಿಸಿಯದು, ರಸ್ತೆ ಮತ್ತೊಬ್ಬರದು. ಇವರನ್ನೆಲ್ಲ ಒಂದೆಡೆ ತರಬೇಕು ಅಂತಲೇ 2022ರಲ್ಲಿ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ (ಬಿಎಂಎಲ್‌ಟಿಎ) ಕಾಯ್ದೆ ಮಾಡಿದ್ದು.

ಅಂಕದ ಹಾಳೆಯನ್ನು ಮೊದಲೇ ಹಂಚಬೇಡಿ. ಇತ್ತೀಚಿನ ಒಂದು ದೊಡ್ಡ ಅಪಘಾತ ತೆಗೆದುಕೊಳ್ಳಿ. ಮೊದಲು ಗೊತ್ತಾಗಿದ್ದು ಎಷ್ಟು ಹೊತ್ತಿಗೆ, ಎಲ್ಲ ಲೇನ್ ತೆರೆದಿದ್ದು ಯಾವಾಗ, ಕೊನೆಯ ಸಿಬ್ಬಂದಿ ಹೊರಟಿದ್ದು ಯಾವಾಗ, ನಡುವೆ ಎರಡನೇ ಅಪಘಾತ ಆಯಿತಾ ಅಂತ ಬೋರ್ಡಿನ ಮೇಲೆ ಬರೆಯಿರಿ. ಜಗಳ ಆಗುತ್ತದೆ, ಆಗಲಿ. ಆಮೇಲೆ ಅಂಕ ಹಾಕಿ, ಆರೂ ಬೇರೆ ಬೇರೆಯಾಗಿಯೇ ಇರಲಿ. ಬಾಸ್ ಒಂದೇ ಅಂಕಿ ಕೇಳಿದರೆ ಅತಿ ಕಡಿಮೆಯದ್ದನ್ನು ಕೊಡಿ.

ಟೋ ಕಂಪನಿಯವರು ಸುಮ್ನೆ ಕರೆದರೆ ಬರಲ್ಲ. ಗುತ್ತಿಗೆ ನವೀಕರಣದ ಮೀಟಿಂಗ್ ಇರುವ ದಿನವೇ ಇಟ್ಟುಕೊಳ್ಳಿ.