ಬೇಲೂರಿನಲ್ಲಿ ನಿಲ್ಲಿಸಿದರೆ ಸಕಲೇಶಪುರದಲ್ಲೂ ಮಲ್ಟಿಕಾಸ್ಟ್ ಏಕೆ ನಿಲ್ಲುತ್ತದೆ?

ಬೇಲೂರಿನ ಶಾಖೆಯಲ್ಲಿ ಮಲ್ಟಿಕಾಸ್ಟ್ (ಒಂದೇ ಪ್ರಸಾರವನ್ನು ಹಲವರಿಗೆ ಒಟ್ಟಿಗೆ ಕಳುಹಿಸುವ ವಿಧಾನ) ವೀಡಿಯೊ ನಿಲ್ಲಿಸಿದ ಕೂಡಲೇ ಸಕಲೇಶಪುರದಲ್ಲೂ ಅದು ಕಡಿದುಹೋಗಿ, ಒಂದು ನಿಮಿಷದೊಳಗೆ ತಾನಾಗಿಯೇ ಮರಳುತ್ತದೆ ಎಂದು ಬರೆದಿದ್ದೀರಿ. ಆ ಒಂದು ನಿಮಿಷವೇ ದೋಷದ ಜಾಡನ್ನು ತೋರಿಸುತ್ತದೆ. ಬೇಲೂರಿನ ರೂಟರ್ ಕಳುಹಿಸುವ ಪ್ರೂನ್ ('ಇನ್ನು ಬೇಡ' ಎನ್ನುವ) ಸಂದೇಶವು ಶಾಖೆಗಳನ್ನೆಲ್ಲ ಜೋಡಿಸುವ ಹಾಸನದ ಕೇಂದ್ರ ರೂಟರ್ ಆದ ಹಬ್‌ಗೆ ಮಾತ್ರ ತಲುಪುವುದರಿಂದ, ತನಗಿನ್ನೂ ಬೇಕೆಂದು ತಡೆಯುವ ಅವಕಾಶವೇ ಸಕಲೇಶಪುರದ ರೂಟರ್‌ಗೆ ಸಿಗುವುದಿಲ್ಲ. ಹಬ್ ಎಲ್ಲ ಶಾಖೆಗಳಿಗೂ ಹೋಗುವ ಇಡೀ ಟನಲ್ (ವರ್ಚುವಲ್ ಸಂಪರ್ಕ) ಇಂಟರ್‌ಫೇಸನ್ನೇ ಹೊರಹೋಗುವ ಪಟ್ಟಿಯಿಂದ ತೆಗೆದು, ಸಕಲೇಶಪುರದಿಂದ 60 ಸೆಕೆಂಡಿಗೊಮ್ಮೆ ಬರುವ ಜಾಯಿನ್ ('ಬೇಕು' ಎನ್ನುವ ಸಂದೇಶ) ತಲುಪಿದಾಗಲಷ್ಟೇ ಮತ್ತೆ ಸೇರಿಸುತ್ತದೆ. ನಿಮ್ಮದು ಸಿಸ್ಕೋ ರೂಟರ್ ಆದ್ದರಿಂದ ಹಬ್‌ನ ಟನಲ್ ಮೇಲೆ 'ಐಪಿ ಪಿಮ್ ಎನ್‌ಬಿಎಂಎ-ಮೋಡ್' ಆಜ್ಞೆ ಕೊಡಿ; ಆಗ ಹಬ್ ಪ್ರತಿ ಶಾಖೆಯನ್ನೂ ಬೇರೆಬೇರೆಯಾಗಿ ಲೆಕ್ಕಕ್ಕಿಡುತ್ತದೆ (ಕೇಳಿದವರಿಗಷ್ಟೇ ಕಳುಹಿಸುವ ಸ್ಪಾರ್ಸ್ ಮೋಡ್ ಇದ್ದರೆ ಮಾತ್ರ ಇದರಿಂದ ಪ್ರಯೋಜನ). ಆಮೇಲೆ 'ಶೋ ಐಪಿ ಎಂರೂಟ್' ನೋಡಿದರೆ, ಟನಲ್ ಹೆಸರಿನ ಪಕ್ಕದಲ್ಲಿ ವೀಡಿಯೊ ಪಡೆಯುತ್ತಿರುವ ಪ್ರತಿ ಶಾಖೆಯ ವಿಳಾಸವೂ ಪ್ರತ್ಯೇಕವಾಗಿ ಕಾಣಬೇಕು. ಹಬ್ ರೂಟರೇ ಡಿಆರ್ (ಆ ಜಾಲದ ಪರವಾಗಿ ಮಲ್ಟಿಕಾಸ್ಟ್ ನೋಡಿಕೊಳ್ಳಲು ಆಯ್ಕೆಯಾಗುವ ರೂಟರ್) ಆಗಿರುವಂತೆ, ಶಾಖೆಗಳ ಡಿಆರ್ ಆದ್ಯತೆಯನ್ನು 0ಗೆ ಇಳಿಸುವುದೂ ಒಳ್ಳೆಯದು.