ಅಂಗಿ ಕಳಚಿದ ಗಂಡಸಿಗಿಲ್ಲದ ಕೇಸು ಹೆಂಗಸಿಗೆ ಏಕೆ?

ಬೀದಿಯಲ್ಲಿ ಗಂಡಸು ಅಂಗಿ ಕಳಚಿ ನಡೆದರೆ ಯಾರೂ ಕೇಳುವುದಿಲ್ಲ, ಹೆಂಗಸು ಹಾಗೆ ಮಾಡಿದರೆ ಪ್ರಕರಣ ದಾಖಲಾಗುತ್ತದೆ, ಹಾಗಾದರೆ ಕಾನೂನೇ ತಾರತಮ್ಯ ಮಾಡುತ್ತದೆಯೇ ಎಂದು ಕೇಳಿದ್ದೀರಿ. ಹುಬ್ಬಳ್ಳಿಯಲ್ಲಿ ವಕೀಲಿ ಮಾಡುವವನಾಗಿ ಹೇಳುವುದಾದರೆ, ಅಶ್ಲೀಲತೆಯ ಕಲಮಿನ ಒಕ್ಕಣೆಯಲ್ಲಿ ತಾರತಮ್ಯವಿಲ್ಲ. ಅದನ್ನು ಹಚ್ಚುವಾಗ ಮಾತ್ರ ಧಾರಾಳವಾಗಿದೆ.

ಭಾರತೀಯ ನ್ಯಾಯ ಸಂಹಿತೆಯ 296ನೆಯ ಕಲಮು, ಅಂದರೆ 2024ರ ಜುಲೈ 1ಕ್ಕಿಂತ ಮೊದಲು ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 294 ಆಗಿದ್ದದ್ದು, ಇತರರಿಗೆ ಕಿರಿಕಿರಿಯಾಗುವಂತೆ ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ಕೃತ್ಯ ಎಸಗಿದ ಯಾರಿಗೇ ಆಗಲಿ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಅಶ್ಲೀಲವೆಂದರೇನು ಎಂದು ಮಾತ್ರ ಅದು ಹೇಳುವುದಿಲ್ಲ. ಅಶ್ಲೀಲತೆಯನ್ನು ಆಯಾ ಕಾಲದ ಸಮಾಜದ ಮಾನದಂಡದಿಂದ ಅಳೆಯಬೇಕೆಂದು ಸುಪ್ರೀಂ ಕೋರ್ಟು 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಹೇಳಿತು. ಸಮಾಜದ ಕಣ್ಣೇ ಅಳತೆಗೋಲಾದ ಮೇಲೆ, ಆ ಕಣ್ಣಿನ ಪಕ್ಷಪಾತವೂ ಠಾಣೆಯೊಳಗೆ ಬಂದೇ ಬರುತ್ತದೆ.

ನಮ್ಮ ಊರಿನಲ್ಲೇ ನೋಡಿ. ಗಂಡಸರು ಮೂತ್ರಕ್ಕೆ ನಿಲ್ಲುತ್ತಾರೆಂದು ಕಂಪೌಂಡ್ ಗೋಡೆಗೆ ಗಣಪತಿ, ಶಿಲುಬೆ, ಮಸೀದಿಯ ಚಿತ್ರವಿರುವ ಟೈಲ್ಸನ್ನು ಸೊಂಟದ ಎತ್ತರಕ್ಕೆ ಸಾಲಾಗಿ ಕೂಡಿಸುತ್ತಾರೆಯೇ ಹೊರತು ಯಾರೂ ಪೊಲೀಸರನ್ನು ಕರೆಯುವುದಿಲ್ಲ. ಅದೇ ಗೋಡೆಯ ಆಚೆ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂಸಿಗೆ ಹಾಲೂಡಿಸುವ ತಾಯಿ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಗೋಡೆಯ ಕಡೆ ತಿರುಗಿ ಕೂರುತ್ತಾಳೆ.

ಇನ್ನೊಂದು ಉದಾಹರಣೆಯನ್ನು ಗೌರವದಿಂದಲೇ ಕೊಡುತ್ತೇನೆ. ಹುಬ್ಬಳ್ಳಿ ಬಳಿಯ ವರೂರಿನ ಜೈನ ಕ್ಷೇತ್ರವಾದ ನವಗ್ರಹ ತೀರ್ಥಕ್ಕೆ ಬಟ್ಟೆ ತೊಡದ ದಿಗಂಬರ ಮುನಿಗಳು ಹೆದ್ದಾರಿಯಲ್ಲಿ ನಡೆದು ಬಂದಾಗ ಜನ ಕೈಮುಗಿಯುತ್ತಾರೆ. ಅಶ್ಲೀಲವೆಂಬ ಯೋಚನೆ ಯಾರಿಗೂ ಸುಳಿಯುವುದಿಲ್ಲ, ಸುಳಿಯಲೂಬಾರದು. ಬತ್ತಲೆ ತನ್ನಷ್ಟಕ್ಕೆ ಅಶ್ಲೀಲವಲ್ಲವೆಂದು ನಮ್ಮ ಸಮಾಜ ಹೀಗೆ ಎಂದೋ ಒಪ್ಪಿಕೊಂಡಿದೆ. ಆದರೆ ಅದೇ ಪಂಥದ ಆರ್ಯಿಕೆಯರು, ಅಂದರೆ ಸನ್ಯಾಸಿನಿಯರು, ಬಿಳಿ ಸೀರೆ ಉಡುತ್ತಾರೆ.

2023ರ ಜೂನ್‌ನಲ್ಲಿ ಕೇರಳ ಹೈಕೋರ್ಟು ರೆಹಾನಾ ಫಾತಿಮಾ ಪ್ರಕರಣದಲ್ಲಿ ಇದನ್ನೇ ಎತ್ತಿತು. ತನ್ನ ಬರಿಯ ಎದೆಯ ಮೇಲೆ ಮಕ್ಕಳಿಂದ ಚಿತ್ರ ಬಿಡಿಸಿಕೊಂಡ ವಿಡಿಯೊಗಾಗಿ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಪ್ರಕರಣ ಎದುರಿಸುತ್ತಿದ್ದ ಆಕೆಯನ್ನು ಆರೋಪಮುಕ್ತಗೊಳಿಸುತ್ತ, ನಗ್ನತೆಯೂ ಅಶ್ಲೀಲತೆಯೂ ಯಾವಾಗಲೂ ಒಂದೇ ಅಲ್ಲವೆಂದೂ, ಗಂಡಿನ ಬರಿಮೈಯನ್ನು ಸಹಜವೆಂದು ಕಾಣುವ ಜನ ಹೆಣ್ಣಿನದನ್ನು ಹಾಗೆ ಕಾಣುವುದಿಲ್ಲವೆಂದೂ ಹೇಳಿತು.

ತಾರತಮ್ಯ ತಿರುಗಿ ಗಂಡಸಿನ ವಿರುದ್ಧವೂ ಇದೆ, ಮತ್ತು ಅದು ಬೇರೊಂದು ಕಲಮಿನ ಒಕ್ಕಣೆಯಲ್ಲೇ ಇದೆ. ಕದ್ದು ನೋಡುವುದನ್ನು, ಚಿತ್ರ ತೆಗೆಯುವುದನ್ನು ಶಿಕ್ಷಿಸುವ, ಅದೇ ನ್ಯಾಯ ಸಂಹಿತೆಯ 77ನೆಯ ಕಲಮು ಬಾಧಿತಳು ಹೆಣ್ಣಾಗಿದ್ದರೆ ಮಾತ್ರ ಅನ್ವಯಿಸುತ್ತದೆ. ಹಾಸ್ಟೆಲ್ಲಿನ ಸ್ನಾನದ ಕೋಣೆಯಲ್ಲಿ ಹುಡುಗನ ಚಿತ್ರ ತೆಗೆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನ ಕಡೆ ಓಡಬೇಕಾಗುತ್ತದೆ.

296ರಡಿ ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದರೂ ಅದು ಜಾಮೀನು ಸಿಗುವ ಅಪರಾಧವಾಗಿದೆ. ನಿಮಗೆ ಪರಿಚಯದ ಯಾರ ಮೇಲಾದರೂ ಈ ಕಲಮು ಬಿದ್ದರೆ, ಗಾಬರಿಯಾಗದೆ ಎಫ್‌ಐಆರ್ ಪ್ರತಿ ಪಡೆದು, ಕಿರಿಕಿರಿಯಾದದ್ದು ಯಾರಿಗೆ ಎಂದು ಅದರಲ್ಲಿ ಬರೆದಿದೆಯೇ ನೋಡಿ. ಆ ಅಂಶ ಸಾಬೀತಾಗದೆ 296 ನಿಲ್ಲುವುದಿಲ್ಲ.